ಸುರಂಗದಲ್ಲಿ ಹದಿನೈದರ ವೇಗ

ಹನ್ನೊಂದು ವರ್ಷ ನೆಲದಡಿಯ ರೈಲು ಓಡಿಸಿದ ಚಾಲಕಿಗೆ ಸಿನಿಮಾದವರ ಕೆಲಸ ಬಿದ್ದದ್ದು ಒಂದು ಸೋಮವಾರ. ಸುರಂಗಮಾರ್ಗದ ಒಂದು ಕವಲನ್ನು ಮುಚ್ಚಿ ಬಹಳ ಕಾಲವಾಗಿತ್ತು. ಅಲ್ಲೇ ಚಿತ್ರೀಕರಣ. ಕಥೆಯಲ್ಲಿ, ಸುರಂಗ ಕೊರೆಯುವಾಗ ಎಚ್ಚೆತ್ತ ಯಾವುದೋ ಜೀವಿ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಎಳೆದೊಯ್ಯುತ್ತದೆ. ಕೊನೆಗೆ ಒಬ್ಬಳು ಅದರ ಮೇಲೆ ರೈಲು ನುಗ್ಗಿಸುತ್ತಾಳೆ. ತೆರೆಯ ಮೇಲೆ ಕಾಣುವವಳು ನಟಿ. ನಿಜವಾಗಿ ರೈಲು ಓಡಿಸಬೇಕಾದವಳು ಇವಳು.

ಆ ಜೀವಿಯ ವೇಷ ಹಾಕುತ್ತಿದ್ದವನು ಆರೂವರೆ ಅಡಿ ಎತ್ತರದ ಮನುಷ್ಯ. ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ರಬ್ಬರಿನ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಅವಳ ಪಕ್ಕ ಕೂತ.

"ಏಳು ಸಿನಿಮಾ ಮಾಡಿದ್ದೀನಿ ಅಕ್ಕಾ. ಒಂದರಲ್ಲೂ ಮುಖ ಕಾಣಲ್ಲ. ನಮ್ಮತ್ತೆ ಇನ್ನೂ ನಂಬಿಲ್ಲ, ಅಳಿಯ ಎಲ್ಲೋ ಮೂಟೆ ಹೊರ್ತಾನೆ ಅಂದ್ಕೊಂಡಿದ್ದಾರೆ."

ಅವಳು ನಕ್ಕಳು. ಆಮೇಲೆ ಕೆಲಸದ ಮಾತಿಗೆ ಬಂದಳು. "ಆ ತಲೆಯೊಳಗೆ ನಿಂಗೆ ಏನು ಕೇಳ್ಸುತ್ತೆ?"

"ನನ್ನ ಉಸಿರು ಮಾತ್ರ."

"ಹಾಗಿದ್ರೆ ಕೇಳು. ಏನಾದ್ರೂ ಎಡವಟ್ಟಾದ್ರೆ ಎರಡೂ ಕೈ ತಲೆ ಮೇಲೆ ಎತ್ತಿ ಅಡ್ಡಡ್ಡ ಹಿಡಿ. ಹಳಿ ಮೇಲೆ ಕೆಲಸ ಮಾಡೋರ ಸನ್ನೆ ಅದು. ಕಂಡ ತಕ್ಷಣ ನಾನು ನಿಲ್ಲಿಸ್ತೀನಿ."

ಅವನು ಅಲ್ಲೇ ಎದ್ದು ನಿಂತು ಎರಡು ಸಲ ಮಾಡಿ ತೋರಿಸಿದ.

ನಾಲ್ಕನೆಯ ದಿನ ಆ ಕೊನೆಯ ದೃಶ್ಯ. ಜೀವಿ ಹಳಿಗಳ ನಡುವೆ ನಿಲ್ಲಬೇಕು, ರೈಲು ಸಮೀಪಿಸಿದಾಗ ಪಕ್ಕದ ಗೋಡೆಯಲ್ಲಿನ ಗೂಡಿಗೆ ಹಾರಿಕೊಳ್ಳಬೇಕು. ಗಂಟೆಗೆ ಐದು ಕಿಲೋಮೀಟರ್ ಮೀರಬಾರದೆಂದು ಅನುಮತಿ ಪತ್ರದಲ್ಲೇ ಬರೆದಿತ್ತು. ಬೆಳಗ್ಗೆ ಮೂರು ಸಲ ತೆಗೆದರು. ನಿರ್ದೇಶಕನಿಗೆ ಒಂದೂ ಹಿಡಿಸಲಿಲ್ಲ.

"ಇದೇನು ರೈಲಾ, ಶವಯಾತ್ರೆನಾ?" ಎಂದು ರೇಗಿದ. "ಹದಿನೈದಾದ್ರೂ ಬೇಕು. ಇನ್ನಷ್ಟು ಹೊಗೆ ಬಿಡಿ."

ಚಾಲಕಿ ಆಗುವುದಿಲ್ಲ ಎಂದಳು. ಅವನು ಅವಳ ಮೇಲಧಿಕಾರಿಯ ಹತ್ತಿರ ಹೋದ. ಸುರಕ್ಷತೆ ನೋಡಿಕೊಳ್ಳಲೆಂದೇ ಬಂದಿದ್ದ ಆ ಮೇಲ್ವಿಚಾರಕ ಕ್ಯಾಮೆರಾದ ಹಿಂದಿನ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ಒಂದು ನಿಮಿಷ ಏನೋ ಮಾತಾಡಿಕೊಂಡರು. ಮೇಲ್ವಿಚಾರಕ ವಾಕಿಟಾಕಿಯಲ್ಲಿ ಹೇಳಿದ: "ಒಂದೇ ಸಲ ಅಲ್ವೇನಮ್ಮಾ. ಓಡಿಸಿಬಿಡು, ನಾನಿದ್ದೀನಿ."

ಇನ್ನೊಮ್ಮೆ ಆಗುವುದಿಲ್ಲ ಎನ್ನಬಹುದಿತ್ತು. ಬೆಳಗಿನಿಂದ ನಿಂತು ನಿಂತು ಅವಳಿಗೂ ಸಾಕಾಗಿತ್ತು. "ಆಯ್ತು ಸಾರ್" ಎಂದಳು.

ಏಣಿಗೆ ವೇಗ ಬದಲಾದದ್ದನ್ನು ಯಾರೂ ಹೇಳಲಿಲ್ಲ. ಅವನಾಗಲೇ ತಲೆ ಹಾಕಿಕೊಂಡು ಹಳಿಯ ಮೇಲೆ ನಿಂತಿದ್ದ.

ಹೊಗೆ ಸುರಂಗವನ್ನೆಲ್ಲ ತುಂಬಿತ್ತು. ರೈಲಿನ ದೀಪ ಹೊಗೆಗೆ ಬಡಿದು ಅವಳ ಕಣ್ಣಿಗೇ ಚುಚ್ಚುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಏಕಾಏಕಿ ಅವನು ಕಂಡ. ಎರಡೂ ಕೈ ತಲೆಯ ಮೇಲೆ, ಅಡ್ಡಡ್ಡವಾಗಿ. ಅವನು ಪಕ್ಕಕ್ಕೆ ಹಾರಲಿಲ್ಲ. ರಬ್ಬರಿನ ಅಗಲ ಪಾದ ಹಳಿ ಕವಲೊಡೆಯುವ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಬ್ರೇಕನ್ನು ಪೂರ್ತಿ ಎಳೆದಳು. ಚಕ್ರಗಳು ಕಿರುಚಿದವು. ರೈಲು ನಿಂತಿತು, ಆದರೆ ಅವನನ್ನು ದಾಟಿ ಎರಡು ಹೆಜ್ಜೆ ಮುಂದೆ.

ಕ್ಯಾಮೆರಾ ಹತ್ತಿರ ಯಾರೋ ಚಪ್ಪಾಳೆ ತಟ್ಟಿದರು. ಹೊಗೆಯಲ್ಲಿ ಅವರಿಗೆ ಏನೂ ಕಂಡಿರಲಿಲ್ಲ. ಚಾಲಕಿ ಕೆಳಗೆ ಹಾರಿ ಗಾಲಿಗಳ ಅಡಿಗೆ ತೆವಳಿ, ಆ ತಲೆಯನ್ನು ಎರಡೂ ಕೈಯಿಂದ ಎಳೆದು ತೆಗೆದಳು. ಏಣಿಯ ಕಣ್ಣು ತೆರೆದೇ ಇತ್ತು. ಉಸಿರು ನಿಂತಿತ್ತು.

ಸಂಜೆ ಡಿಪೋದ ಕೋಣೆಯಲ್ಲಿ ಮೇಲ್ವಿಚಾರಕ ಬಾಗಿಲು ಹಾಕಿಕೊಂಡು ಮಾತಿಗೆ ಕೂತ.

"ವೇಗ ಐದೇ ಇತ್ತು. ಅವನು ಕಾಲು ಜಾರಿ ಬಿದ್ದ. ವಿಚಾರಣೆಯಲ್ಲಿ ಅಷ್ಟೇ ಹೇಳು. ರೈಲಿನ ವೇಗ ಬರ್ಕೊಳ್ಳೋ ಪೆಟ್ಟಿಗೆ ಕೆಟ್ಟು ತಿಂಗಳಾಯ್ತು, ಅದು ಏನೂ ಹೇಳಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

"ಅವನು ಜಾರಲಿಲ್ಲ ಸಾರ್. ಕೈ ಎತ್ತಿದ್ದ."

"ಸತ್ತೋನು ಎದ್ದು ಬಂದು ಸಾಕ್ಷಿ ಹೇಳ್ತಾನೇನಮ್ಮಾ? ಬದುಕಿರೋರು ನಾವು. ನಿನ್ನ ಕೆಲಸ ನೋಡ್ಕೋ."

ಮೂರನೆಯ ದಿನ ಚಾಲಕಿ ಏಣಿಯ ಮನೆ ಹುಡುಕಿಕೊಂಡು ಹೋದಳು. ಎರಡೇ ಕೋಣೆಯ ಮನೆ. ಹೆಂಡತಿ ದರ್ಜಿ, ಕಿಟಕಿಯ ಪಕ್ಕದ ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ತೋಳು ಹಾಗೇ ಸಿಕ್ಕಿಕೊಂಡಿತ್ತು. ಮಂಚದಿಂದ ಹೊರಗೆ ಕಾಲು ಚಾಚುತ್ತಿದ್ದ ಅವನಿಗಾಗಿ ತುದಿಗೆ ಒಂದು ಸ್ಟೂಲು ಜೋಡಿಸಿದ್ದರು.

"ಜಾರಿ ಬಿದ್ರು ಅಂದ್ರು," ಎಂದಳು ಹೆಂಡತಿ. "ಸಂಭಾಳಿಸ್ಕೊಳ್ಳೋದು ಗೊತ್ತಿರೋ ಮನುಷ್ಯ. ಮಹಡಿಯಿಂದ ಹಾರಿದ್ದಾರೆ, ನೀರೊಳಗೆ ಮುಳುಗಿದ್ದಾರೆ. ಅವರು ಹೇಗೆ ಜಾರಿದ್ರು?"

"ಜಾರಲಿಲ್ಲಮ್ಮಾ. ಪಾದ ಸಿಕ್ಕಿಹಾಕ್ಕೊಂಡಿತ್ತು. ನಿಲ್ಲಿಸು ಅಂತ ಸನ್ನೆ ಮಾಡಿದ. ಐದರಲ್ಲಿ ಬರ್ತಿದ್ರೆ ನಿಲ್ತಿತ್ತು. ಹದಿನೈದರಲ್ಲಿ ಬಂದೆ. ಮೇಲಿನೋರು ಹೇಳಿದ್ರು, ನಾನು ಓಡಿಸಿದೆ."

ಹೆಂಡತಿ ಯಂತ್ರದಲ್ಲಿ ಸಿಕ್ಕಿದ್ದ ತೋಳನ್ನು ಬಿಡಿಸಿ ಮಡಿಚಿಟ್ಟಳು. ಆಮೇಲೆ ಕೇಳಿದಳು: "ಅವರು ಕೂಗಿದ್ರಾ?"

"ಗೊತ್ತಿಲ್ಲ. ಕೂಗಿದ್ರೂ ಆ ತಲೆಯೊಳಗಿಂದ ಕೇಳಿಸ್ತಿರಲಿಲ್ಲ."

"ಇದನ್ನ ವಿಚಾರಣೆಲೂ ಹೇಳ್ತೀರಾ?"

"ಹೇಳ್ತೀನಿ."

"ಹೇಳಿ. ಆದ್ರೆ ಇನ್ನೊಂದು ಸಲ ಈ ಮನೆಗೆ ಬರ್ಬೇಡಿ. ನಿಮ್ಮ ಮುಖ ನೋಡೋ ಶಕ್ತಿ ನನಗಿಲ್ಲ."

ಚಾಲಕಿ ತಲೆಬಾಗಿಸಿ ಮೆಟ್ಟಿಲಿಳಿದಳು.

ವಿಚಾರಣೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು, ತನ್ನ "ಆಯ್ತು ಸಾರ್" ಸಮೇತ. ಮೇಲ್ವಿಚಾರಕ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ನಿರ್ದೇಶಕ ಕ್ಯಾಮೆರಾ ಓಡಿರಲೇ ಇಲ್ಲ ಎಂದ. ಛಾಯಾಗ್ರಾಹಕನೇ ಎದ್ದು ನಿಂತು, ಓಡಿತ್ತು, ಹೊಗೆಯಲ್ಲಿ ದೀಪ ನುಗ್ಗಿ ಬಂದ ವೇಗ ಅದರಲ್ಲಿದೆ ಎಂದ. ನಿರ್ದೇಶಕ, ಮೇಲ್ವಿಚಾರಕ ಇಬ್ಬರ ಮೇಲೂ ಮೊಕದ್ದಮೆ ಹೂಡಲಾಯಿತು. ಮೇಲ್ವಿಚಾರಕನನ್ನು ಮನೆಗೆ ಕಳಿಸಿದರು. ಚಾಲಕಿಯ ಚಾಲನಾ ಪರವಾನಗಿ ಶಾಶ್ವತವಾಗಿ ರದ್ದಾಯಿತು. ಅವಳು ಮೇಲ್ಮನವಿ ಸಲ್ಲಿಸಲಿಲ್ಲ.

ಈಗ ಅವಳು ಡಿಪೋದಲ್ಲಿ ಬೋಗಿಗಳನ್ನು ತೊಳೆಯುತ್ತಾಳೆ. ಚಿತ್ರವನ್ನು ಬೇರೊಬ್ಬ ನಿರ್ದೇಶಕ ಮುಗಿಸಿದ. ಬೇರೊಬ್ಬ ಎತ್ತರದ ಮನುಷ್ಯ ಸಿಕ್ಕಿದ. ಒಂದು ದಿನ ಜೊತೆಯವರು ಅದನ್ನು ನೋಡಿ ಬಂದು ಕೊನೆಯ ದೃಶ್ಯದಲ್ಲಿ ಎದೆ ಝಲ್ಲೆಂದಿತು ಎಂದು ಹೇಳಿಕೊಳ್ಳುತ್ತಿದ್ದರು. ಅವಳು ಕೊಳವೆಯ ನೀರನ್ನು ಇನ್ನಷ್ಟು ಜೋರು ಮಾಡಿ, ಮುಂದಿನ ಬೋಗಿಯ ಗಾಜು ಉಜ್ಜಲು ಶುರು ಮಾಡಿದಳು.