ಮಾವನ ಕರಡಿಗೆ ಮತ್ತು ಒಸಾಕಾ

ಸಂಜೆಯೊಳಗೆ ಬೆಂಗಳೂರಿನ ಟ್ರಾವೆಲ್ಸಿನವರಿಗೆ ಹೌದು ಇಲ್ಲವೇ ಬೇಡ ಎಂದು ಹೇಳಬೇಕಿತ್ತು. ಹೌದೆಂದರೆ ಉಜ್ಜಿನಪ್ಪ ಮತ್ತು ಅವನ ಸೊಸೆ ರೇಖಾಳ ವೀಸಾ ಕಾಗದಗಳು ಮರುದಿನ ಮುಂದಕ್ಕೆ ಹೋಗುತ್ತಿದ್ದವು. ಬೇಡವೆಂದರೆ ಜಪಾನಿನ ಒಸಾಕಾದ ಬಟ್ಟೆ ವ್ಯಾಪಾರಿ ಬೇರೆ ಊರಿನ ಕಟಿಂಗ್ ಮಾಸ್ಟರನ್ನು ಕರೆಸಿಕೊಳ್ಳುತ್ತಿದ್ದ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಶೆಡ್ಡುಗಳಿಗೇನೂ ಬರವಿಲ್ಲ. ಆದರೆ ದಪ್ಪ ಬಟ್ಟೆಗೆ ಕತ್ತರಿ ಇಡುವುದರಲ್ಲಿ ಉಜ್ಜಿನಪ್ಪನಿಗೆ ಹೆಸರಿತ್ತು. ಬೆಂಗಳೂರಿನ ಮೇಳವೊಂದರಲ್ಲಿ ಅವನ ಪ್ಯಾಂಟು ನೋಡಿದ ಆ ಜಪಾನಿನವನು, ನಮ್ಮ ಬಟ್ಟೆಯನ್ನು ನಮ್ಮೆದುರೇ ಕತ್ತರಿಸಿ ತೋರಿಸಲಿ, ಆಮೇಲೆ ಕೆಲಸದ ಮಾತು ಎಂದಿದ್ದ. ಆ ಕೆಲಸ ಬೇಕೇ ಬೇಕಿತ್ತು. ಅವನ ಶೆಡ್ಡಿನ ಅರ್ಧ ಮಿಷನ್ನುಗಳಿಗೆ ಮುಸುಕು ಹಾಕಿ ತಿಂಗಳುಗಳಾಗಿದ್ದವು. ಹೊಲಿಯುವ ಹೆಂಗಸರು ಬೆಳಿಗ್ಗೆ ಬಂದು, ಇವತ್ತು ಕೆಲಸ ಇದೆಯೇ ಎಂದು ಹೊಸ್ತಿಲಾಚೆ ನಿಂತೇ ಕೇಳಿ ಹಿಂದಿರುಗುತ್ತಿದ್ದರು.

ರೇಖಾಳ ಗಂಡ ತಿಪ್ಪೇಶ ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕ ನೋಡಿಕೊಳ್ಳುತ್ತಿದ್ದ, ಅವನು ಬರುವಂತಿರಲಿಲ್ಲ. ಇಂಗ್ಲಿಷ್ ಬರುವುದು ರೇಖಾಳಿಗೆ ಮಾತ್ರ. ನಾಲ್ಕೇ ದಿನದ ಪ್ರಯಾಣವನ್ನು ಅವಳು ಮದುವೆಯ ತಯಾರಿಯಂತೆ ಕೂತು ಹೊಂದಿಸಿದ್ದಳು. ವಿಮಾನ ಇಳಿದ ಮೇಲೆ ಯಾವ ರೈಲು, ಸ್ಟೇಷನ್ನಿಗೆ ಹತ್ತಿರದ ಯಾವ ಹೋಟೆಲು, ವ್ಯಾಪಾರಿಯ ಅಂಗಡಿಗೆ ಎಷ್ಟು ದೂರ, ಎಲ್ಲವೂ ಅವಳ ಬಾಯಲ್ಲಿತ್ತು. ಕೆಲಸ ಮುಗಿದರೆ ಕೊನೆಯ ಮಧ್ಯಾಹ್ನ ಮಾವನಿಗೆ ಅಲ್ಲಿನ ಕೋಟೆ ತೋರಿಸಬೇಕೆಂದುಕೊಂಡಿದ್ದಳು. ಅಲ್ಲಿ ಏನು ತಿನ್ನುತ್ತಾರೋ ಎಂಬ ಚಿಂತೆಗೆ ಅತ್ತೆ ಶಂಕ್ರಮ್ಮ ರೊಟ್ಟಿ ತಟ್ಟಿ ಒಣಗಿಸಿ, ಶೇಂಗಾ ಚಟ್ನಿಪುಡಿ ಕುಟ್ಟಿದ್ದಳು.

ಆ ಬೆಳಿಗ್ಗೆ ಗುಂಡಿ, ಜಿಪ್ಪು ಮಾರುವ ಹೊನ್ನೂರಪ್ಪ ಬಂದ. ಒಮ್ಮೆ ದುಬೈಗೆ ಹೋಗಿಬಂದವನು. ವಿಮಾನ ಹತ್ತುವ ಮುಂಚಿನ ತಪಾಸಣೆಯ ಕಥೆ ತೆಗೆದ.

"ಬೆಲ್ಟು, ಬೂಟು, ಮೈಮ್ಯಾಲಿನ ಬೆಳ್ಳಿ, ಎಲ್ಲಾ ಬಿಚ್ಚಿ ಒಂದ ಟ್ರೇದಾಗ ಹಾಕಿಸಿದ್ರು ನೋಡ್ರಿ. ನನ್ನ ಉಡದಾರ ನನ್ನ ಬೂಟಿನ ಮ್ಯಾಲೇ ಬಿದ್ದು ಮಿಷನ್ನಿನೊಳಗ ಹೋತು."

ಅವನು ನಕ್ಕ. ಉಜ್ಜಿನಪ್ಪ ನಗಲಿಲ್ಲ. ಅವನ ಕೈ ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯ ಮೇಲೆ ಹೋಗಿತ್ತು. ಅದರೊಳಗೆ ಅವನ ಇಷ್ಟಲಿಂಗವಿತ್ತು. ಹುಡುಗನಿದ್ದಾಗ ಗುರುಗಳು ಕಟ್ಟಿದ್ದು. ಅಲ್ಲಿಂದ ಇಲ್ಲಿಯವರೆಗೆ ಮೈಬಿಟ್ಟು ಹೋಗಿರಲಿಲ್ಲ. ಜ್ವರದಲ್ಲಿ, ಆಸ್ಪತ್ರೆಯ ಮಂಚದ ಮೇಲೂ ಅದು ಎದೆಯ ಮೇಲೇ ಇತ್ತು. ಲಿಂಗ ಮೈಯಿಂದ ಬೇರೆಯಾದರೆ ಬದುಕಿದ್ದೂ ಇಲ್ಲದಂತೆ ಎಂದು ನಂಬಿದ ಮನೆತನ ಅದು.

ಹೊನ್ನೂರಪ್ಪ ಹೋದ ಮೇಲೆ ಉಜ್ಜಿನಪ್ಪ ಸೊಸೆಗೆ ಸಣ್ಣ ದನಿಯಲ್ಲಿ, ಬೇಡ ಅಂತ ಹೇಳಿಬಿಡು ಎಂದ.

ರೇಖಾ ಸುಮ್ಮನಾಗಲಿಲ್ಲ. ಮನಸ್ಸಿನಲ್ಲಿ ದೊಡ್ಡದಾಗಿ ಕಾಣುವುದು ಕೈಯಲ್ಲಿ ಮಾಡಿದರೆ ಸಣ್ಣದಾಗುತ್ತದೆ ಎಂದು ಅವಳ ಲೆಕ್ಕ. ಶೆಡ್ಡಿನಿಂದ ಹೊಸ ಟ್ರೇ ತಂದು ತೊಳೆದು ಒರೆಸಿ ಮೇಜಿನ ಮೇಲಿಟ್ಟಳು. ಇಲ್ಲೇ ಒಂದು ಸಲ ಮಾಡಿ ನೋಡೋಣ, ಬೂಟಿಗೆ ಬೇರೆ ಟ್ರೇ ಕೇಳೋಣ ಎಂದು ಒಪ್ಪಿಸಿದಳು. ಉಜ್ಜಿನಪ್ಪ ಗಡಿಯಾರ ಬಿಚ್ಚಿಟ್ಟ. ಫೋನು ಇಟ್ಟ. ಬೆಲ್ಟು ಸುತ್ತಿಟ್ಟ. ಕೈ ಕರಡಿಗೆ ತೂಗುಹಾಕಿದ ಕೊರಳಿನ ಶಿವದಾರಕ್ಕೆ ಹೋಯಿತು, ಅಲ್ಲೇ ನಿಂತಿತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಂಕ್ರಮ್ಮ ಬಂದು ಟ್ರೇ ತೆಗೆದು ಪಕ್ಕಕ್ಕಿಟ್ಟಳು.

"ನೀ ನಿಂದನ್ನ ಕಪಾಟ್ದಾಗ ಇಟ್ಟಾಕಿ. ನಿನಗ ಇದೇನ್ ತಿಳೀತೈತಿ, ಬಿಡು."

ಮಾತು ನಿಜವಾಗಿತ್ತು. ರೇಖಾಳ ಲಿಂಗ ಕಪಾಟಿನಲ್ಲೇ ಇರುತ್ತಿತ್ತು. ಲಿಂಗವನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದು ಹೇಳಲು ಅವಳಿಗೂ ಬಾಯಿ ಬರಲಿಲ್ಲ. ನಾನೊಬ್ಬಳೇ ಹೋಗಲೇ ಎಂದು ಕೇಳಿದಳು. ಹೋಗಿ ಅಲ್ಲಿ ಕತ್ತರಿ ಯಾರು ಹಿಡಿಯುತ್ತಾರೆ ಎಂದ ಮಾವ. ಆ ಕೆಲಸವನ್ನು ಅವನು ಮಗನಿಗೂ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಮಧ್ಯಾಹ್ನ ಟ್ರಾವೆಲ್ಸಿನವನು ಫೋನು ಮಾಡಿದ. ಸಂಜೆ ಹೇಳುತ್ತೇನೆಂದಳು.

ಬಿಸಿಲು ಇಳಿದ ಮೇಲೆ ಉಜ್ಜಿನಪ್ಪ ಕೈಕಾಲು ತೊಳೆದು ಪೂಜೆಗೆ ಕೂತ. ರೇಖಾ ನಡುಮನೆಯಲ್ಲಿ ಫೋನು ಹಿಡಿದು, ಬೇಡ ಎನ್ನುವುದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತ ನೋಡುತ್ತಿದ್ದಳು. ಮಾವ ಕರಡಿಗೆ ತೆರೆದು ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡ. ಶಿವದಾರವನ್ನು ಕೊರಳಿನಿಂದ ಬಿಡಿಸಿ, ಬರಿದಾದ ಕರಡಿಗೆಯನ್ನು ಮಣೆಯ ಮೇಲೆ ಬದಿಗಿಟ್ಟ. ದಿನವೂ ಮಾಡುವುದೇ. ದಿನವೂ ಅವಳು ನೋಡುವುದೇ.

ಅವಳು ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಪೂಜೆಯ ನಡುವೆ ಅವನು ಮಾತಾಡುವುದಿಲ್ಲ. ಮತ್ತೆ ಫೋನು ಗುರ್ರೆಂದಿತು. ಅವಳು ಸದ್ದು ಅಡಗಿಸಿದಳು. ನೀರು, ವಿಭೂತಿ, ಪತ್ರೆ, ಎಂದಿಗಿಂತ ನಿಧಾನವಾಗಿ ಮುಗಿದಂತೆ ಕಂಡಿತು. ಅವನು ಲಿಂಗವನ್ನು ಮತ್ತೆ ಕರಡಿಗೆಗೆ ಇಡುವ ಮುಂಚೆ ಅವಳು ಹತ್ತಿರ ಹೋದಳು.

"ಮಾವಾರ, ಬೆಳ್ಳೀದು ಅಂದ್ರ ಕರಡಿಗಿ. ಅದೊಂದ ಮಿಷನ್ನಿಗೆ ಹೋಗ್ಲಿ. ಲಿಂಗ ಹಿಂಗ ಅಂಗೈಯಾಗ ಇರ್ಲಿ. ಕೈ ಬಿಚ್ಚಿ ತೋರಿಸಿದ್ರ ಆತು."

ಉಜ್ಜಿನಪ್ಪ ಅಂಗೈ ನೋಡಿದ, ಹೆಂಡತಿಯನ್ನು ನೋಡಿದ. ಶಂಕ್ರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

"ಅಂಗೈಯಾಗ ಇದ್ರ ತಪ್ಪಿಲ್ಲ," ಎಂದಳು. "ಆದ್ರ ಕೆಳಗ ಇಡು ಅಂತ ಹಟ ಹಿಡಿದ್ರ?"

ತಪಾಸಣೆಗೆ ಮೊದಲೇ ಹೋಗಿ ಅಲ್ಲಿನ ದೊಡ್ಡ ಅಧಿಕಾರಿಗೆ ತಿಳಿಸಿ ಕೇಳೋಣ, ಬಿಡುತ್ತಾರೆ ಅನ್ನಿಸುತ್ತದೆ, ಆದರೆ ಬಿಟ್ಟೇ ಬಿಡುತ್ತಾರೆಂದು ಸುಳ್ಳು ಹೇಳಲಾರೆ ಎಂದಳು ರೇಖಾ. ಹೋಗುವಾಗ ಒಂದು ಕಡೆಯಲ್ಲ, ವಿಮಾನ ಬದಲಿಸುವಲ್ಲೂ ಕೇಳಬೇಕಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

"ಹಟ ಹಿಡಿದ್ರ ಅಲ್ಲಿಂದಾನ ತಿರುಗಿ ಬರ್ತೀನಿ," ಎಂದ ಉಜ್ಜಿನಪ್ಪ. "ನೀ ಮುಂದ ಹೋಗ್ಬೇಕು. ನನ್ನ ಹಿಂದ ಬರಂಗಿಲ್ಲ. ಒಪ್ಪಿದ್ರ ಫೋನ್ ಮಾಡು."

"ನಾ ಹೋಗಿ ಏನ್ ಮಾಡ್ಲಿ? ಕತ್ತರಿ ಹಿಡಿಯೋದು..."

"ಹೊರಡೋದಕ್ಕ ಇನ್ನೂ ದಿನ ಅದಾವ," ಎಂದು ಅವನು ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡ. ಎದ್ದು ಶೆಡ್ಡಿನ ಕಡೆ ನಡೆದ.

ರೇಖಾ ಬೆಂಗಳೂರಿಗೆ ಫೋನು ಮಾಡಿ ಇಬ್ಬರ ಕಾಗದವನ್ನೂ ಕಳಿಸಿ ಎಂದಳು. ಆ ಕಡೆಯವನು ಖಾತ್ರಿಯೇ ಎಂದು ಎರಡು ಸಲ ಕೇಳಿದ. ಖಾತ್ರಿ ಎಂದಳು, ದನಿ ಗಟ್ಟಿಯಾಗಿರಲಿಲ್ಲ. ಶೆಡ್ಡಿಗೆ ಹೋದಾಗ ಮಾವ ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ, ಸುಕ್ಕು ತೆಗೆದು, ಅಂಚಿಗೆ ಕಬ್ಬಿಣದ ತೂಕ ಇಟ್ಟು ನಿಂತಿದ್ದ. ಅವಳಿಗೆ ಜಾಗ ಬಿಟ್ಟು ಸರಿದು, ದೊಡ್ಡ ಕತ್ತರಿಯನ್ನು ಹಿಡಿಯ ಕಡೆಯಿಂದ ಮುಂದೆ ಮಾಡಿದ. ಅದು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು.

"ಹೆಬ್ಬೆರಳು ಅಷ್ಟು ಒಳಗ ಬ್ಯಾಡ," ಎಂದ. "ಹಾಂ. ಈಗ ಕೊಯ್ಯಿ."