ಸದ್ದಿಲ್ಲದ ಚಪ್ಪಾಳೆ

ನನ್ನನ್ನು ಎಲ್ಲರೂ 'ಬೆನ್ನು' ಅಂತಲೇ ಕರೆಯುತ್ತಾರೆ. ಸಿನಿಮಾದ ಗುಂಪಿನಲ್ಲಿ ನಿಲ್ಲುವುದು ನನ್ನ ಕಸುಬು. ನಲವತ್ತು ಚಿತ್ರಗಳಲ್ಲಿ ನನ್ನ ಬೆನ್ನು ಬಂದಿದೆ, ಮುಖ ಒಂದರಲ್ಲೂ ಬಂದಿಲ್ಲ. ಮುಖ ನೋಡಿದವರು, ಬರದಿದ್ದದ್ದೇ ಒಳ್ಳೆಯದಾಯಿತು ಅನ್ನುತ್ತಾರೆ.

ನನ್ನ ಅಕ್ಕನೂ ಇದೇ ಕಸುಬಿನವಳು. ಹೋದ ವರ್ಷ ಕಾರ್ಖಾನೆ ಮುಷ್ಕರದ ಚಿತ್ರವೊಂದರಲ್ಲಿ ಲಾಠಿ ಏಟಿಗೆ ಓಡುವ ದೃಶ್ಯವಿತ್ತು. ಓಡುವವರು ನಿಜವಾಗಿಯೇ ಅವಳ ಮೇಲೆ ಬಿದ್ದರು. ಮೊಣಕಾಲು ಮುರಿಯಿತು. ಆಪರೇಷನ್ ಆಗದೆ, ಈಗ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾಳೆ. ಆಸ್ಪತ್ರೆ ಖರ್ಚು ಕೇಳಿದರೆ ಸಿನಿಮಾ ಕಂಪನಿಯವರು, "ಆಯಮ್ಮ ಆವತ್ತು ಸೆಟ್ಟಿಗೇ ಬಂದಿರ್ಲಿಲ್ಲ" ಅಂದುಬಿಟ್ಟರು. ಅವತ್ತು ಅದೇ ಗುಂಪಿನಲ್ಲಿದ್ದ ನನ್ನನ್ನು ಸಾಕ್ಷಿಗೆ ಕರೆದರು.

"ನಾನು ಆ ಕಡೆ ತಿರುಗಿದ್ದೆ ಸಾರ್, ಏನೂ ನೋಡ್ಲಿಲ್ಲ" ಅಂದೆ.

ಇದ್ದ ಕೆಲಸವೂ ಹೋದೀತೆಂಬ ಹೆದರಿಕೆ. ಒಡಹುಟ್ಟಿದವಳಿಗೂ ಬೆನ್ನನ್ನೇ ತೋರಿಸಿದೆ. ಕಸುಬಿನಲ್ಲಿ ಅಷ್ಟು ಪಳಗಿದ್ದೆ ನೋಡಿ!

ನಮ್ಮ ದೇಶದ ಚಿತ್ರಗಳನ್ನು ಮಾತ್ರ ತೋರಿಸುವ ಉತ್ಸವ ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಸಲದ ಮೊದಲ ಚಿತ್ರ ಅದೇ ಮುಷ್ಕರದ್ದು. ಕುರ್ಚಿಗಳು ಖಾಲಿ ಕಾಣಬಾರದೆಂದು ನಮ್ಮ ಏಜೆಂಟ್ ಅರವತ್ತು ಜನರನ್ನು ಹೊಂದಿಸಿದ. ದೇಶದ ಸಿನಿಮಾ ನೋಡಲು ದೇಶದ ಜನರೂ ಬಾಡಿಗೆಗೆ.

"ನಾನೂ ಬರ್ತೀನಿ ಕಣೋ" ಅಂದಳು ಅಕ್ಕ. "ನಾನು ಇರ್ಲೇ ಇಲ್ಲ ಅಂದ್ರಲ್ಲ, ಇದೀನೋ ಇಲ್ವೋ ನೋಡ್ಬೇಕು."

ಉತ್ಸವದ ದಿನ ಬೆಳಿಗ್ಗೆ ಮಂತ್ರಿಗಳ ಭಾಷಣ. ಏಜೆಂಟ್ ಕೈ ಎತ್ತಿದ. ನಾವು ಅರವತ್ತೂ ಜನ ಚಪ್ಪಾಳೆ ತಟ್ಟಿದೆವು. ಸದ್ದೇ ಇಲ್ಲ! ಶೂಟಿಂಗಿನಲ್ಲಿ ಹೀರೋ ಮಾತು ಕೆಡಬಾರದೆಂದು ನಾವು ಅಂಗೈಗೆ ಅಂಗೈ ತಾಗಿಸದೆ ತಟ್ಟುತ್ತೇವೆ. ಹುಟ್ಟುಗುಣದಂತೆ ಅಂಟಿಕೊಂಡ ಅಭ್ಯಾಸ. ಮಂತ್ರಿಗಳು ಕಿವಿಯೊಳಗೆ ಬೆರಳಾಡಿಸಿ, ಮೈಕನ್ನೊಮ್ಮೆ ತಟ್ಟಿ ನೋಡಿದರು.

ಏಜೆಂಟ್ ಬಗ್ಗಿಕೊಂಡು ಓಡಿ ಬಂದ. "ಅಯ್ಯೋ, ನನ್ನ ಮಾನ ಕಳೀಬೇಡ್ರಪ್ಪಾ! ಸದ್ದು ಮಾಡಿ! ಇದು ಶೂಟಿಂಗ್ ಅಲ್ಲ!"

ಚಿತ್ರ ಶುರುವಾಯಿತು. ಆ ದೃಶ್ಯ ಬಂತು. ಪರದೆ ತುಂಬ ಅಕ್ಕನ ಮುಖ, ಅವಳ ಕಿರುಚಾಟ. ಅವಳ ಪಕ್ಕದಲ್ಲೇ ಅಲ್ಲಾಡದೆ ನಿಂತ ಒಂದು ಬೆನ್ನು. ನನಗೆ ನಾಚಿಕೆಯಾಯಿತು. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

ಚಿತ್ರ ಮುಗಿದ ಮೇಲೆ ವೇದಿಕೆಯ ಮೇಲಿದ್ದ ನಿರೂಪಕಿ ನಿರ್ದೇಶಕರನ್ನು ಕೇಳಿದಳು: "ಆ ಬಿದ್ದ ಹೆಂಗಸು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಯಾರು ಸಾರ್ ಅವರು?"

"ಗುಂಪಿನಲ್ಲಿ ಯಾರೋ. ಸಹಜಾಭಿನಯ" ಅಂದರು ನಿರ್ದೇಶಕರು. "ನಮ್ಮ ಮಣ್ಣಿನ ಜನ ನೋಡಿ, ನೋವು ರಕ್ತದಲ್ಲೇ ಇರುತ್ತೆ."

"ರಕ್ತದಲ್ಲಲ್ಲ ಕಣೋ, ಮೊಣಕಾಲಲ್ಲಿ" ಅಂದಳು ಅಕ್ಕ ಮೆಲ್ಲಗೆ.

ನನಗೆ ಏನಾಯಿತೋ, ಎದ್ದು ನಿಂತೆ. ಟೀವಿ ಕ್ಯಾಮೆರಾಗಳೆಲ್ಲ ನಮ್ಮ ಹಿಂದೆ ಇದ್ದವು. ಅಲ್ಲೂ ನನ್ನ ಪಾಲಿಗೆ ಬೆನ್ನೇ! ಕ್ಯಾಮೆರಾಗಳ ಕಡೆ ಮುಖ ತಿರುಗಿಸಿದೆ.

"ಅವಳು ಯಾರೋ ಅಲ್ಲ, ನನ್ನ ಅಕ್ಕ. ಇಲ್ಲೇ ಕೂತಿದ್ದಾಳೆ. ಅವತ್ತು ಕಾಲು ಮುರೀತು, ಅದು ಅಭಿನಯ ಅಲ್ಲ. ಅವಳು ಬಂದೇ ಇರ್ಲಿಲ್ಲ ಅಂತ ಇವ್ರ ಕಂಪನಿಯವ್ರು ಹೇಳಿದ್ರು. ನಾನು ನೋಡಿದ್ದೆ. ನೋಡ್ಲಿಲ್ಲ ಅಂತ ಸುಳ್ಳು ಹೇಳಿದ್ದೆ."

ಅಕ್ಕ ಊರುಗೋಲು ಊರಿ ಎದ್ದಳು. ಪರದೆಯ ಮೇಲೆ ಕಂಡದ್ದೇ ಮುಖ.

ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಅರವತ್ತು ಜನವೂ. ಈ ಸಲ ಅಂಗೈಗೆ ಅಂಗೈ ತಾಗಿತು. ನಿರ್ದೇಶಕರು ಮೈಕಿನಲ್ಲಿ ಏನೋ ಹೇಳುತ್ತಿದ್ದರು. ಒಂದು ಅಕ್ಷರವೂ ಕೇಳಿಸಲಿಲ್ಲ.

ಏಜೆಂಟ್ ಎರಡೂ ಕೈ ಬೀಸುತ್ತ ಓಡಿಬಂದು, "ಕಟ್! ಕಟ್!" ಅಂತ ಕೂಗಿದ.

ಇದು ಶೂಟಿಂಗ್ ಅಲ್ಲ ಅಂತ ಅವನೇ ಹೇಳಿದ್ದನಲ್ಲ. ನಾವು ನಿಲ್ಲಿಸಲಿಲ್ಲ.