ಯಾರೂ ಹತ್ತದ ಏಣಿ

ನಾನು ಒಂದು ಏಣಿ. ಹದಿನಾಲ್ಕು ಮೆಟ್ಟಿಲಿನ, ಮತ್ತಿ ಮರದ ಏಣಿ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಅರವತ್ತು ವರ್ಷ ಗೋಡೆಗೆ ಒರಗಿ ನಿಂತವನು. ನನ್ನ ಬಗ್ಗೆ ಸರ್ಕಾರಿ ಕಾಗದದ ಮೇಲೆ ಒಂದು ಹಸಿ ಸುಳ್ಳು ಬರೆದಿದ್ದಾರೆ. ಅದು ಇವತ್ತಿಗೂ ಫೈಲಿನಲ್ಲಿ ಭದ್ರವಾಗಿದೆ. ಉತ್ತರ ಬರೆಯಲು ನನಗೆ ಕೈಯಿಲ್ಲ ನಿಜ. ಹಾಗಂತ ಸುಮ್ಮನಿರುವ ಜಾತಿ ನನ್ನದಲ್ಲ. ಕೇಳಿ.

ನನ್ನನ್ನು ಮಾಡಿದವನು ಮೌನಪ್ಪ ಬಡಿಗೇರ. ಕಚೇರಿಯ ಹಿಂದೆ ಬೇವಿನ ಮರದ ಕೆಳಗೆ ಕೂತು ಐದು ದಿನ ಕೆತ್ತಿದ. ಒಂದೊಂದು ಮೆಟ್ಟಿಲು ಕೂಡಿಸಿದ ಮೇಲೂ ತಾನೇ ಅದರ ಮೇಲೆ ನಿಂತು ಕುಣಿದು ನೋಡುತ್ತಿದ್ದ. ಕೊನೆಯ ದಿನ ನನ್ನ ಪಕ್ಕೆಗೆ ಅಂಗೈಯಿಂದ ಎರಡು ಏಟು ಬಾರಿಸಿ, "ಮ್ಯಾಲೆ ಹತ್ತಿದವರನ್ನ ಕೆಡವಬ್ಯಾಡ ನೋಡಪಾ, ಅವರು ಎಂಥವರರ ಇರ್ಲಿ" ಎಂದ. ಆ ಒಂದು ಮಾತಿಗೆ ಕಟ್ಟುಬಿದ್ದು ನಾನು ಎಷ್ಟು ಸಿಟ್ಟು ನುಂಗಿದ್ದೇನೆ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ದಾಖಲೆ ಕೋಣೆ ಅಂದರೆ ಇಡೀ ತಾಲ್ಲೂಕಿನ ಭೂಮಿ ಕಾಗದವಾಗಿ ಮಲಗಿರುವ ಜಾಗ. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟು. ಅದರ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಯಾವ ಹೊಲ ಯಾರದು, ಯಾವ ದಾರಿ ಎಲ್ಲರದು, ಯಾವ ಹಳ್ಳ ಯಾರದೂ ಅಲ್ಲ, ಎಲ್ಲ ಆ ಗಂಟುಗಳಲ್ಲಿದೆ. ಕೆಳಗಿನ ಸಾಲುಗಳು ತುಂಬಿ ಹೋದ ಮೇಲೆ ಪಕ್ಕದ ತಾಲ್ಲೂಕಿನಿಂದ ಕೆಂಚನಹಾಳ ಹೋಬಳಿಯನ್ನು ತಂದು ನಮಗೆ ಸೇರಿಸಿದರು. ಅದರ ಇಪ್ಪತ್ತೆರಡು ಹಳ್ಳಿಯ ಕಾಗದ ಹೋಗಿ ಕೂತದ್ದು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ. ನಾನಿಲ್ಲದೆ ಅಲ್ಲಿಗೆ ಯಾರ ಕೈಯೂ ಎಟುಕುವುದಿಲ್ಲ.

ಮಕ್ತುಮಸಾಬ ನದಾಫ ಇರುವಷ್ಟು ದಿನ ನನಗೆ ಬಿಡುವೇ ಇರಲಿಲ್ಲ. ದಾಖಲೆ ಕೋಣೆಯ ಜವಾನ ಅವನು. ಸಣಕಲು ಮೈ, ಬರಿಗಾಲು. ಜನ ಬಂದು ಹಳ್ಳಿಯ ಹೆಸರು ಹೇಳಿ ಮುಗಿಸುವುದರೊಳಗೆ ನನ್ನ ಆರನೇ ಮೆಟ್ಟಿಲಲ್ಲಿ ಇರುತ್ತಿದ್ದ. ಗಂಟು ಇಳಿಸುವ ಮೊದಲು ಅದಕ್ಕೆ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ, ಹುಳ ಇದ್ದರೆ ಉದುರಲಿ ಎಂದು. ಹುಳ ಹತ್ತದಂತೆ ಗಂಟಿನೊಳಗೆ ಬಜೆ ಬೇರು ಇಡುತ್ತಿದ್ದ. "ಕೂಡ್ರಿ ತಾಯಿ, ಇದ್ದದ್ದು ಎಲ್ಲಿ ಹೊಕ್ಕೈತಿ" ಎನ್ನುತ್ತಿದ್ದ. ಅವನ ಹಿಮ್ಮಡಿಯ ಬಿಸಿ ಎಲ್ಲ ಮೆಟ್ಟಿಲಿಗೂ ಗೊತ್ತಿತ್ತು. ನಿವೃತ್ತನಾದ ದಿನ ಎಲ್ಲರೂ ಅವನಿಗೆ ಹಾರ ಹಾಕಿದರು. ಅವನು ಆ ಹಾರ ತಂದು ನನಗೆ ಹಾಕಿ ಹೋದ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಒಬ್ಬ ವಯರಿಂಗಿನವನು ಸುತ್ತಿಗೆ ಬೀಳಿಸಿ ನನ್ನ ಒಂಬತ್ತನೇ ಮೆಟ್ಟಿಲು ಸೀಳಿಸಿದ. ದುರಸ್ತಿಗೆ ಕಾಗದ ಹೋಯಿತು. ಈ ಏಣಿ ಯಾವಾಗ ಬಂದದ್ದು, ಅದರ ದಾಖಲೆ ಕೊಡಿ ಎಂದು ಮೇಲಿನವರು ಕೇಳಿದರು. ಆ ದಾಖಲೆ ಇದ್ದದ್ದು ಮೇಲಿನ ಸಾಲಿನಲ್ಲಿ. ಏಣಿ ಮುರಿದಿದೆ, ಹತ್ತುವುದು ಹೇಗೆ? ದಾಖಲೆ ಲಭ್ಯವಿಲ್ಲ ಎಂದು ಬರೆದರು. ದಾಖಲೆ ಇಲ್ಲದ ಏಣಿಗೆ ದುರಸ್ತಿ ಇಲ್ಲ ಎಂದು ಮರುಟಪಾಲು ಬಂತು. ಓದಿದವರಲ್ಲಿ ಒಬ್ಬರಿಗಾದರೂ ನಗು ಬರಬೇಕಿತ್ತು. ಯಾರೂ ನಗಲಿಲ್ಲ, ಫೈಲು ಮುಚ್ಚಿದರು.

ಅದಾದ ಮೇಲೆ ಕಂಪ್ಯೂಟರ್ ಬಂತು. ಹೊಲಗಳ ಪಹಣಿಯನ್ನೆಲ್ಲ ಅದರಲ್ಲಿ ಹೊಡೆದರು. ಒಳ್ಳೆಯದೇ, ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಅವಸರದಲ್ಲಿ ಹೊಡೆಯುವವರು ಕೊನೆಯ ಷರಾ ಕಾಲಮ್ಮನ್ನು ಬಿಟ್ಟು ಹೊಡೆದರು. ಯಾವ ಜಾಗವನ್ನು ಯಾರಿಗಾಗಿ ಬಿಟ್ಟಿದೆ ಎಂದು ಹಿಂದಿನವರು ಸಣ್ಣ ಅಕ್ಷರದಲ್ಲಿ ಬರೆದಿಟ್ಟದ್ದು ಆ ಕಾಲಮ್ಮಿನಲ್ಲೇ. ಅದು ಈಗ ಮೇಲಿನ ಗಂಟುಗಳಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ.

ಈ ಹೊತ್ತಿಗೆ ಕೋಣೆಗೆ ಗುಮಾಸ್ತನಾಗಿ ಬಂದವನು ಸಂಗಾಪುರ. ಬಾಗಿಲ ಪಕ್ಕದ ಖುರ್ಚಿ ಅವನದು. ಅದರ ಬೆನ್ನಿಗೇ ನಾನು. ಅವನ ಪಾಲಿಗೆ ನಾನು ಊಟದ ಚೀಲ ತೂಗುಹಾಕುವ ಗೂಟ. ಕೆಳಗಿನ ಸಾಲಿನ ಹಳ್ಳಿಯವರು ಬಂದರೆ ಬಗ್ಗಿ ತೆಗೆದು ಕೊಡುತ್ತಿದ್ದ. ಕೆಂಚನಹಾಳದ ಕಡೆಯವರು ಬಂದರೆ ಎದ್ದು ಕೂಡ ನೋಡುತ್ತಿರಲಿಲ್ಲ. ಮೊದಲೇ ಅಚ್ಚು ಹಾಕಿಸಿಟ್ಟ ಹಾಳೆ ಎಳೆದು ಸಹಿ ಗೀಚುತ್ತಿದ್ದ: ದಾಖಲೆ ಕೋಣೆಯಲ್ಲಿ ಕೂಲಂಕಷವಾಗಿ ಹುಡುಕಲಾಗಿ, ಸದರಿ ಕಡತ ಲಭ್ಯವಿರುವುದಿಲ್ಲ.

ಹುಡುಕಲಾಗಿ ಅಂತೆ. ನಾನು ಅಲ್ಲೇ ನಿಂತಿದ್ದೇನೆ. ನನ್ನನ್ನು ಒಂದು ಗೇಣು ಸರಿಸಿಲ್ಲ. ಹನ್ನೊಂದು ವರ್ಷ ನನ್ನ ಕಣ್ಣೆದುರಿಗೇ ಆ ಹಾಳೆ ಹಂಚಿದ. ತಂದೆಯ ಹೆಸರು ಹುಡುಕಿ ಬಂದವರಿಗೆ, ದಾರಿ ಹುಡುಕಿ ಬಂದವರಿಗೆ, ಸುಡುಗಾಡಿನ ಜಾಗ ಹುಡುಕಿ ಬಂದವರಿಗೆ. ಇಪ್ಪತ್ತೆರಡು ಹಳ್ಳಿ ಎತ್ತರದಲ್ಲಿ ಕೂತ ತಪ್ಪಿಗೆ ಕಾಗದದಿಂದಲೇ ಅಳಿಸಿಹೋಗುತ್ತಿದ್ದವು. ಲಂಚ ತಿಂದು ಮಾಡಿದ್ದರೆ ಪಾಪಿ ಎಂದಾದರೂ ಅನ್ನಬಹುದಿತ್ತು. ಇವನು ಮೈಗಳ್ಳತನಕ್ಕೆ ಮಾಡಿದ. ಥೂ, ನನ್ನ ಮೈ ಉರಿಯುತ್ತಿತ್ತು.

ಬಾಳವ್ವ ಕುಂಬಾರ ಬಂದದ್ದು ಅಂಥ ಒಂದು ಬೆಳಿಗ್ಗೆ. ಕೆಂಚನಹಾಳದ ಹೆಂಗಸು, ಅರವತ್ತರ ಹತ್ತಿರ ವಯಸ್ಸು, ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣು. ಅವಳದು ನಾಲ್ಕನೇ ಸಲ. ಊರಾಚೆಯ ಕುಂಬಾರಗುಂಡಿಗೆ ಪ್ಲಾಟು ಮಾರುವವನೊಬ್ಬ ತಂತಿ ಬೇಲಿ ಹಾಕಿದ್ದ. ಗಡಿಗೆ ಸುಟ್ಟರೆ ಸೀಳದ ಮಣ್ಣು ಸುತ್ತಮುತ್ತ ಅಲ್ಲಿ ಬಿಟ್ಟರೆ ಇಲ್ಲ. ನಾಲ್ಕು ಮನೆಯಲ್ಲಿ ಗಡಿಗೆ ಮಾಡುವ ತಿಗರಿ ತಿರುಗುವುದು ನಿಂತುಹೋಗಿತ್ತು. ಆ ಗುಂಡಿ ಕುಂಬಾರರಿಗೆ ಬಿಟ್ಟದ್ದು ಎಂದು ಹಳೆಯ ರಿಜಿಸ್ಟರಿನಲ್ಲಿ ಇದ್ದರೆ ನಕಲು ತಂದು ತೋರಿಸಿ, ಸೋಮವಾರದ ವಿಚಾರಣೆಯೇ ಕೊನೆ ಎಂದು ತಹಶೀಲ್ದಾರರು ಹೇಳಿದ್ದರು. ಅಂದು ಗುರುವಾರ.

ಸಂಗಾಪುರ ಹಾಳೆ ಕೊಟ್ಟ. ಅವಳು ಹೋಗಲಿಲ್ಲ.

"ಇದರಾಗ ಏನ್ ಬರದೀರಿ, ಓದಿ ಹೇಳ್ರಿ."

"ಹುಡುಕಿ ನೋಡೀವಿ, ಸಿಕ್ಕಿಲ್ಲ ಅಂತ ಬರದೈತಿ."

"ಯಾರು ಹುಡುಕಿದ್ರಿ?"

"ನಾನ ಹುಡುಕೀನಿ. ಮತ್ತ್ಯಾರು?"

"ಎಲ್ಲಿ ಇರ್ತಾವ್ರಿ ನಮ್ಮೂರ ಕಾಗದ?"

ಅವನು ತಲೆ ಎತ್ತದೆ ಪೆನ್ನಿನ ತುದಿಯಿಂದ ಸೂರಿನ ಕಡೆ ತೋರಿಸಿದ. ಬಾಳವ್ವ ಮೇಲೆ ನೋಡಿದಳು. ನನ್ನನ್ನು ನೋಡಿದಳು. ಹೊಸ್ತಿಲ ಹೊರಗೇ ನಿಂತು ಕೈ ಚಾಚಿ ನನ್ನ ಐದನೇ ಮೆಟ್ಟಿಲ ಮೇಲೆ ಅಂಗೈ ಊರಿದಳು. ಮಕ್ತುಮಸಾಬ ಹೋದ ಮೇಲೆ ನನ್ನನ್ನು ಯಾರಾದರೂ ಮನಸ್ಸಿಟ್ಟು ಮುಟ್ಟಿದ್ದು ಅದೇ ಮೊದಲು. ಕೈ ತೆಗೆದರೆ ಐದು ಬೆರಳೂ ಧೂಳಿನಲ್ಲಿ ಅಚ್ಚಾಗಿ ಮೂಡಿದ್ದವು.

"ನಾ ಮಣ್ಣಿನ ಕೆಲಸದಾಕಿ ಅದೀನ್ರಿ. ಎಲ್ಲಿ ಕೈ ಬಿದ್ದೈತಿ, ಎಲ್ಲಿ ಕಾಲ ಬಿದ್ದೈತಿ ನನಗ ಕಾಣತೈತಿ. ಇದರ ಮ್ಯಾಲ ಹಲ್ಲಿ ಕಾಲ ಬಿಟ್ರ ಯಾರ ಕಾಲೂ ಬಿದ್ದಿಲ್ಲ. ನೀವು ಹಾರಿ ಹೋಗಿ ಹುಡುಕಿದ್ರೇನು?"

ಸಂಗಾಪುರನ ಮುಖ ಕಪ್ಪಿಟ್ಟಿತು. "ಹೋಗವಾ, ಯಾರಿಗೆ ಹೇಳಕೋತಿ ಹೇಳ್ಕೋ" ಎಂದ. ಅವಳು ಸೆರಗಿಗೆ ಕೈ ಒರೆಸದೆ, ಧೂಳಿನ ಅಂಗೈ ಹಾಗೇ ಮುಂದೆ ಹಿಡಿದುಕೊಂಡು ನೆಟ್ಟಗೆ ತಹಶೀಲ್ದಾರರ ಕೋಣೆಯ ಕಡೆ ನಡೆದಳು.

ಅವಳು ಆ ಕಡೆ ಹೋದಳೋ ಇಲ್ಲವೋ, ಇವನು ಟೇಬಲ್ಲಿನ ಬಟ್ಟೆ ನೀರಲ್ಲಿ ಅದ್ದಿ ತಂದು ನನ್ನನ್ನು ಒರೆಸತೊಡಗಿದ. ಹನ್ನೊಂದು ವರ್ಷದಲ್ಲಿ ನನಗೆ ಮೊದಲ ಸ್ನಾನ. ಸುಳ್ಳಿಗೆ ಸಾಕ್ಷಿ ಹೇಳಲಿ ಎಂದು ಮಾಡಿಸಿದ ಸ್ನಾನ. ಇಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಅವಳ ಐದು ಬೆರಳಿನ ಗುರುತು ಒಂದೇ ಎಳೆತಕ್ಕೆ ಅಳಿಸಿಹೋಯಿತು.

ತಹಶೀಲ್ದಾರ ಬಾಯಿಯವರು ಬಂದರು. ಬಾಳವ್ವ ಹಿಂದೆ. ಸಂಗಾಪುರ ಎದ್ದು ನಿಂತು, "ನೋಡ್ರಿ ಮೇಡಂ, ದಿನಾ ಬಳಸೋ ಏಣಿ, ಎಲ್ಲಿ ಐತಿ ಧೂಳ?" ಎಂದ. ಬಾಯಿಯವರು ನನ್ನನ್ನು ಮುಟ್ಟಿ ನೋಡಿದರು. ಬೆರಳಿಗೆ ಒದ್ದೆ ಹತ್ತಿತು. ಒಂದು ಮೆಟ್ಟಿಲು, ಎರಡು, ಮೂರು ಎಂದು ಅವರ ಕಣ್ಣು ಮೇಲೇರಿತು. ಏಳರವರೆಗೆ ಥಳಥಳ. ಎಂಟರಿಂದ ಮೇಲೆ ಬೂದಿ ಬಣ್ಣದ ಧೂಳು, ಜೇಡನ ಬಲೆ. ನಿಂತಲ್ಲಿಂದ ಅವನ ಕೈ ಎಟುಕಿದ್ದು ಏಳರವರೆಗೆ ಮಾತ್ರ. ಒರೆಸುವುದಕ್ಕೂ ನನ್ನನ್ನು ಹತ್ತಿರಲಿಲ್ಲ, ಅಷ್ಟು ಸೋಮಾರಿ.

"ನೀವ ಹತ್ರಿ" ಎಂದರು ಬಾಯಿಯವರು. "ಈಗ, ನನ್ನ ಎದುರಿಗೆ."

ಅವನು ನನ್ನನ್ನು ಎಳೆದು ಕಪಾಟಿಗೆ ಒರಗಿಸಿ ಹತ್ತಿದ. ಕಾಲಲ್ಲಿ ಬೂಟು ಬೇರೆ. ನನಗೆ ಬಂದ ಯೋಚನೆ ಮುಚ್ಚಿಡುವುದಿಲ್ಲ. ಒಂಬತ್ತನೆಯದರ ಮೇಲೆ ಅವನು ಕಾಲಿಟ್ಟರೆ ಸಾಕಿತ್ತು, ಉಳಿದದ್ದು ನಾನು ನೋಡಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷದ ಹಾಳೆಗಳಿಗೆಲ್ಲ ಒಂದೇ ಸಲ ಉತ್ತರ. ಮೌನಪ್ಪನ ಅಂಗೈ ನೆನಪಾಯಿತು. ಅಷ್ಟರಲ್ಲಿ ಕೆಳಗಿನಿಂದ ಬಾಳವ್ವ ಎರಡೂ ಕೈಯಿಂದ ನನ್ನ ಬುಡ ಹಿಡಿದು, "ಒಂಬತ್ತನೇದು ಸೀಳೈತ್ರಿ, ದಾಟಿ ಕಾಲಿಡ್ರಿ" ಎಂದಳು. ಅವನನ್ನು ಉಳಿಸಿದ್ದು ಅವಳು. ನಾನು ಹಲ್ಲು ಕಚ್ಚಿ ನಿಂತೆ.

ಕೆಂಚನಹಾಳದ ಗಂಟು ಮೂರನೆಯದು. ಹತ್ತಿ ಇಳಿಯಲು ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಬಟ್ಟೆ ಬಿಚ್ಚಿದರೆ ಮಕ್ತುಮಸಾಬ ಇಟ್ಟ ಬಜೆ ಬೇರು ಪುಡಿಯಾಗಿ ಉದುರಿತು. ಹಾಳೆ ಒಂದಕ್ಕೂ ಹುಳ ಹತ್ತಿರಲಿಲ್ಲ. ಬಾಯಿಯವರು ಬೆರಳಿಟ್ಟು ಗಟ್ಟಿಯಾಗಿ ಓದಿದರು: ಸರ್ವೆ ನಂಬರ್ ನೂರಾ ಹದಿನೇಳು, ಒಂದು ಎಕರೆ ಆರು ಗುಂಟೆ, ಕುಂಬಾರರ ಮಣ್ಣಿಗಾಗಿ ಬಿಟ್ಟದ್ದು. ಬಾಳವ್ವ ನನ್ನ ಬುಡ ಬಿಡದೆ ಹಾಗೇ ಕುಸಿದು ಕೂತಳು. ಸೋಮವಾರ ವಿಚಾರಣೆ ಮುಗಿಯಿತು, ಆ ವಾರವೇ ಬೇಲಿ ಕಿತ್ತರು ಎಂದು ಆಮೇಲೆ ಕೇಳಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬೈಯುತ್ತಿರಲಿಲ್ಲ. ಸಂಗಾಪುರನಿಗೆ ಕಾರಣ ಕೇಳಿ ನೋಟಿಸು ಹೋಯಿತು. ಅವನು ಬರೆದ ಉತ್ತರ ಇದು: ಏಣಿಯು ಶಿಥಿಲಗೊಂಡು ಹತ್ತಲು ಯೋಗ್ಯವಿಲ್ಲದ ಕಾರಣ ಕಡತಗಳನ್ನು ಹುಡುಕಲು ಸಾಧ್ಯವಾಗಿರುವುದಿಲ್ಲ. ಅವನನ್ನು ಹೊತ್ತು ನಿಂತ ನನ್ನ ತಲೆಯ ಮೇಲೇ ಗೂಬೆ ಕೂರಿಸಿದ. ಮೇಲಿನವರು ಒಪ್ಪಿದರು. ಮನುಷ್ಯನನ್ನು ದಂಡಿಸುವುದಕ್ಕಿಂತ ಏಣಿಯನ್ನು ದಂಡಿಸುವುದು ಸುಲಭ ನೋಡಿ. ಅವನಿಗೆ ಎಚ್ಚರಿಕೆಯ ಪತ್ರ, ನನಗೆ ನಿರುಪಯುಕ್ತ ಎಂಬ ಚೀಟಿ. ಹಿತ್ತಲಿನ ಗುಜರಿಯಲ್ಲಿ, ಕಾಲು ಮುರಿದ ಬೆಂಚುಗಳ ನಡುವೆ ಎರಡು ಮಳೆಗಾಲ ಬಿದ್ದಿದ್ದೆ. ನನ್ನ ಪಕ್ಕದಲ್ಲೇ ಆ ಬೇವಿನ ಮರ. ಹುಟ್ಟಿದಲ್ಲೇ ಕೊಳೆಯುವುದು ಎಂದುಕೊಂಡೆ.

ಹಳೆಯ ಕಟ್ಟಿಗೆ ವಿಲೇವಾರಿಯಾದಾಗ ಕುಂಬಾರರು ಗಡಿಗೆ ಸುಡುವ ಆವಿಗೆಯಲ್ಲಿ ಉರಿಸಲೆಂದು ಗಾಡಿಗೆ ಹೇರಿ ಒಯ್ದರು. ಊರಿಗೆ ಹೋಗಿ ಇಳಿಸುವಾಗ ಬಾಳವ್ವ ಒಂದೊಂದೇ ತುಂಡು ಎಣಿಸಿ ಒಟ್ಟುತ್ತಿದ್ದಳು. ನನ್ನ ಸೀಳಿದ ಮೆಟ್ಟಿಲು ಕಂಡು ಕೈ ನಿಲ್ಲಿಸಿದಳು. "ಇದನ್ನ ಸುಡಬ್ಯಾಡ್ರಿ, ಇದು ನಮ್ಮ ಕಡೆ ಸಾಕ್ಷಿ ಹೇಳಿದ್ದು" ಎಂದಳು. ಆ ದಿನ ಸಂಜೆಯೇ ಒಂಬತ್ತನೆಯದಕ್ಕೆ ಜಾಲಿಯ ತುಂಡು ಬಡಿದು ಕೂಡಿಸಿದರು. ಸರ್ಕಾರಕ್ಕೆ ಇಷ್ಟು ವರ್ಷದಲ್ಲಿ ಆಗದ ಕೆಲಸ ಅದು.

ಈಗ ನಾನು ಕುಂಬಾರಗುಂಡಿಯಲ್ಲಿದ್ದೇನೆ. ಜನ ನನ್ನ ಮೇಲೆ ಕಾಲಿಟ್ಟು ಗುಂಡಿಗೆ ಇಳಿಯುತ್ತಾರೆ, ಬುಟ್ಟಿ ತುಂಬ ಮಣ್ಣು ಹೊತ್ತು ಹತ್ತುತ್ತಾರೆ. ಕೆಳಗಿನ ಎರಡು ಮೆಟ್ಟಿಲು ಹಸಿಮಣ್ಣಿನಲ್ಲಿ ಹೂತು ಮೆತ್ತಗಾಗಿವೆ, ನನಗೂ ಹೆಚ್ಚು ದಿನವಿಲ್ಲ. ಅದಕ್ಕೆ ಬೇಸರವಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ.

ಯಾಕೆಂದರೆ ಇಪ್ಪತ್ತೆರಡು ಹಳ್ಳಿಯ ಜನ ಇವತ್ತಿಗೂ ಅದೇ ಹಾಳೆ ಹಿಡಿದುಕೊಂಡು ಬಾಳವ್ವನನ್ನು ಹುಡುಕಿ ಬರುತ್ತಾರೆ. ಕಚೇರಿಗೆ ಅಲ್ಯೂಮಿನಿಯಮ್ಮಿನ ಹೊಸ ಏಣಿ ಬಂದಿದೆಯಂತೆ. ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲವಂತೆ. ಮೊನ್ನೆಯೊಬ್ಬ ಮುದುಕ ಬಂದು ಗುಂಡಿಯ ದಂಡೆಯಲ್ಲಿ ಕೂತು ಹಾಳೆ ಚಾಚಿದ. ಬಾಳವ್ವ ಅದನ್ನು ಇಸಿದುಕೊಳ್ಳಲಿಲ್ಲ. ಮಣ್ಣಿನ ಬುಟ್ಟಿ ಇಳಿಸಿ, ನನ್ನ ಮೆಟ್ಟಿಲಿಗೆ ಕೈಯೂರಿ ನಿಂತಳು.

"ಕಾಗದ ಓದಸಬ್ಯಾಡ ಯಣ್ಣಾ," ಎಂದಳು. "ಮೊದಲ ಹೋಗಿ ಏಣಿ ಮುಟ್ಟಿ ನೋಡು."